ಶೀತದ ಡಾಕ್ಟರ ಮನೆಯ ಒದ್ದೆ ಗೋಡೆ

ಗೋಡೆಗೆ ಶೀತ ಹಿಡಿದರೆ ನಮ್ಮ ಬೀದಿಯವರು ಮೊದಲು ನನ್ನ ಅಂಗಡಿಗೆ ಬಂದು ಬಣ್ಣ ಕೇಳುತ್ತಾರೆ. ಒದ್ದೆಯ ಮೇಲೆ ಬಣ್ಣ ಬಳಿದರೆ ಒದ್ದೆ ಹೋಗುತ್ತದೆ ಎಂದು ಇವರಿಗೆಲ್ಲ ಯಾವ ಪುಣ್ಯಾತ್ಮ ಹೇಳಿಕೊಟ್ಟನೋ ಗೊತ್ತಿಲ್ಲ. ಕೊಡುವುದಿಲ್ಲ ಎಂದರೆ ಮುಖ ಊದಿಸಿಕೊಳ್ಳುತ್ತಾರೆ. ಕೊಟ್ಟರೆ, ಬಣ್ಣವೆಲ್ಲ ಗುಳ್ಳೆ ಎದ್ದು ಉದುರಿದ ಮೇಲೆ ಖಾಲಿ ಡಬ್ಬಿ ಹಿಡಿದುಕೊಂಡು ಜಗಳಕ್ಕೆ ಬರುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಾಗಾಗಿ ನಾನು ಕೂತಲ್ಲಿಂದಲೇ, "ಮೊದಲು ಡಾಕ್ಟರಿಗೆ ತೋರಿಸ್ಕೊಂಡು ಬನ್ನಿ, ಆಮೇಲೆ ಔಷಧಿ ಕೊಡ್ತೀನಿ" ಎಂದು ಸಾಗಹಾಕುತ್ತಿದ್ದೆ.

ಡಾಕ್ಟರು ಎಂದರೆ ಹಿಂದಿನ ಓಣಿಯ ಗಾರೆ ಮೇಸ್ತ್ರಿ. ಒದ್ದೆ ಗೋಡೆ ವಾಸಿ ಮಾಡುವುದರಲ್ಲಿ ಎತ್ತಿದ ಕೈ, ಆದ್ದರಿಂದ ಎಲ್ಲರ ಬಾಯಲ್ಲೂ ಶೀತದ ಡಾಕ್ಟರು. ಅರವತ್ತು ದಾಟಿದ, ಬಡಕಲು ಮೈಯ, ಮಾತಿಗಿಂತ ಗೊಣಗಾಟವೇ ಹೆಚ್ಚಿದ್ದ ಮನುಷ್ಯ. ಯಾರ ಮನೆಗೆ ಹೋದರೂ ಮೊದಲು ಒಂದು ಮಾತೂ ಆಡದೆ ಗೋಡೆಗೆ ಕೆನ್ನೆ ಇಟ್ಟು ನಿಲ್ಲುತ್ತಿದ್ದರು. ಆಮೇಲೆ ಅಂಗೈಯಗಲದ ಗಾಜಿನ ಚೂರೊಂದನ್ನು ಅಂಚಿಗೆ ಪುಟ್ಟಿ ಮೆತ್ತಿ ಗೋಡೆಗೆ ಅಂಟಿಸಿ ಹೊರಟುಬಿಡುತ್ತಿದ್ದರು. ಮಾರನೆಯ ದಿನ ಗಾಜಿನ ಒಳಬದಿ ಬೆವರಿದ್ದರೆ ನೀರು ಗೋಡೆಯದು, ಹೊರಬದಿ ಬೆವರಿದ್ದರೆ ಕೋಣೆಯ ಗಾಳಿಯದು. ಕೋಣೆಯದಾದರೆ, "ಕಿಟಕಿ ತೆಗೀರಿ, ನನ್ನನ್ನ ಬಿಡಿ" ಎಂದು ಬಂದ ದಾರಿಯಲ್ಲೇ ವಾಪಸ್ಸು.

ಅವರ ವಿದ್ಯೆಯೆಲ್ಲ ಒಂದೇ ಮಾತಿನಲ್ಲಿತ್ತು. "ನೀರು ಕಾಣೋದು ಒಂದು ಕಡೆ, ಹುಟ್ಟೋದು ಇನ್ನೊಂದು ಕಡೆ. ಹುಟ್ಟಿದ ಕಡೆ ಹೋಗಿ ಹಿಡೀರಿ. ಕಂಡ ಕಡೆ ಏನು ಮೆತ್ತಿದ್ರೂ ಅದು ದಾರಿ ಬದಲಾಯಿಸುತ್ತೆ ಅಷ್ಟೇ, ಸುಮ್ಮನೆ ಕೂರಲ್ಲ." ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ಇದನ್ನು ಅವರು ಎಷ್ಟು ಜನಕ್ಕೆ ಹೇಳಿದರೋ ಲೆಕ್ಕವಿಲ್ಲ.

ನನಗೊಂದು ಚಟ. ಜನರನ್ನು ಅವರು ಕೊಳ್ಳುವ ಸಾಮಾನಿನಿಂದ ಅಳೆಯುತ್ತೇನೆ. ಹೊಸದಾಗಿ ಸಂಸಾರ ಹೂಡಿದವರು ಗೋಡೆಗೆ ಹೊಡೆಯುವ ಮೊಳೆ ಬಹಳ ಕೊಳ್ಳುತ್ತಾರೆ. ಜಗಳವಾಡಿದವರು ಬೀಗ ಕೊಳ್ಳುತ್ತಾರೆ. ಒಂಟಿ ಜನ ಎಲ್ಲವನ್ನೂ ಒಂದೊಂದೇ ಕೊಳ್ಳುತ್ತಾರೆ. ಒಂದು ಬಲ್ಬು, ಒಂದು ಬಕೆಟ್ಟು, ಬಟ್ಟೆ ನೇತುಹಾಕಲು ಒಂದು ಕೊಕ್ಕೆ. ನಾನೂ ಒಂಟಿಯೇ, ಆದ್ದರಿಂದ ನನಗೆ ಬೇಗ ಗೊತ್ತಾಗುತ್ತದೆ. ಡಾಕ್ಟರು ತಮ್ಮ ಮನೆಗೆಂದು ಯಾವುದನ್ನೂ ಎರಡು ಕೊಂಡದ್ದನ್ನು ನಾನು ನೋಡಿಲ್ಲ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದರೆ, "ಪುರುಸೊತ್ತಾಗಲಿಲ್ಲ" ಎನ್ನುತ್ತಿದ್ದರು.

ಅವರ ಮನೆ ಉದ್ದನೆಯದು. ಮುಂಬಾಗಿಲು ದೊಡ್ಡ ಬೀದಿಗೆ, ಹಿಂಬಾಗಿಲು ಓಣಿಗೆ, ನಡುವೆ ಒಂದು ಅಡ್ಡಗೋಡೆ. ಗೋಡೆಯ ಈಚೆ, ಓಣಿಯ ಕಡೆಯ ಅರ್ಧದಲ್ಲಿ, ಡಾಕ್ಟರು. ಆಚೆ, ಬೀದಿಯ ಕಡೆಯ ಅರ್ಧದಲ್ಲಿ, ಅವರ ಅಕ್ಕ. ಒಡಹುಟ್ಟಿದವರು ಇವರಿಬ್ಬರೇ. ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಅಕ್ಕ. ಮದುವೆಯಾಗಿ ಹೋಗಿ, ಗಂಡ ಬೇಗ ತೀರಿಕೊಂಡು, ಮಕ್ಕಳಿಲ್ಲದೆ ತವರಿಗೆ ಹಿಂದಿರುಗಿದವರು. ಆ ಅಡ್ಡಗೋಡೆಯನ್ನು ಕಟ್ಟಿದವರು ತಮ್ಮ.

ಅದಕ್ಕೆ ಕಾರಣ ಒಂದು ನೆಲ. ತಾಯಿಗೆ ತೀರಾ ವಯಸ್ಸಾದಾಗ ಅವರ ಕೋಣೆಯ ಹಳೆಯ ಗಾರೆ ನೆಲ ಅಲ್ಲಲ್ಲಿ ಕಿತ್ತು ಬಂದಿತ್ತು. ಕಂಡವರ ಮನೆಗೆಲ್ಲ ನೆಲ ಹಾಕುವವನು ಹೆತ್ತವಳಿಗೊಂದು ಚೆಂದದ ನೆಲ ಹಾಕಿಕೊಡಬಾರದೇ ಎಂದು ಮಗನಿಗೆ ಆಸೆಯಾಯಿತು. ಮುಖ ಕಾಣುವಷ್ಟು ಹೊಳೆಯುವ ಬಿಳಿ ಟೈಲ್ಸ್ ತಂದರು. ಅಕ್ಕ ಬೇಡ ಎಂದರು. "ಅಮ್ಮನ ಕಾಲಿಗೆ ಹಿಡಿತ ಬೇಕು ಪುಟ್ಟ, ಹೊಳಪು ಇಟ್ಕೊಂಡು ಏನು ಮಾಡ್ತಾಳೆ?" ಎಂದಿದ್ದರಂತೆ. ತಮ್ಮ ಕೇಳಲಿಲ್ಲ. ನೆಲ ಹಾಕಿ ಹೆಚ್ಚು ದಿನ ಆಗಿರಲಿಲ್ಲ, ತಾಯಿ ಒದ್ದೆ ಕಾಲಿನಲ್ಲಿ ಒಳಗೆ ಬಂದು ಜಾರಿದರು. ಬಿದ್ದವರು ಮತ್ತೆ ಏಳಲಿಲ್ಲ. ತಾಯಿ ತೀರಿಕೊಂಡ ದಿನ, ಬಂದವರೆಲ್ಲರ ಎದುರಿಗೆ ಅಕ್ಕ, "ನಿನ್ನ ಕೈಕೆಲಸಾನೇ ಅಮ್ಮನ್ನ ತಿಂದ್ಹಾಕ್ತು" ಎಂದುಬಿಟ್ಟರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಮ್ಮ ಹೋಗಿ ಆ ಟೈಲ್ಸನ್ನು ಒಂದೊಂದಾಗಿ ಕಿತ್ತು ಓಣಿಗೆ ಎಸೆದರು. ಆಮೇಲೆ ಇಟ್ಟಿಗೆ ತರಿಸಿ, ನಡುಮನೆಗೆ ಅಡ್ಡಲಾಗಿ, ಒಂದೇ ಇಟ್ಟಿಗೆಯಗಲದ ತೆಳು ಗೋಡೆ ಎಬ್ಬಿಸಿದರು. ಅಕ್ಕ ಆಚೆ ಕೂತು ನೋಡುತ್ತಿದ್ದರಂತೆ, ಗೋಡೆ ಕಣ್ಣಿನ ಮಟ್ಟ ದಾಟುವವರೆಗೂ. ಬೇಡ ಎಂದು ಅವರೂ ಹೇಳಲಿಲ್ಲ, ನಿಲ್ಲಿಸಲು ಇವರಿಗೂ ಬರಲಿಲ್ಲ. ಇಬ್ಬರ ಕಿವಿಯನ್ನೂ ಹಿಡಿದು ಹಿಂಡಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಅಂದಿನಿಂದ ಡಾಕ್ಟರು ಹೊಳೆಯುವ ಟೈಲ್ಸ್ ಹಾಕುವ ಕೆಲಸವನ್ನು ಎಂಥವರು ಕರೆದರೂ ಒಪ್ಪಲಿಲ್ಲ. "ಕಾಲಿಗೆ ಹಿಡಿತ ಬೇಕು" ಎನ್ನುತ್ತಿದ್ದರು. ಅದು ಅಕ್ಕನ ಮಾತು ಎಂದು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಹಳೆಯ ಬಚ್ಚಲು ತಮ್ಮನ ಭಾಗಕ್ಕೆ ಹೋಗಿತ್ತು. ಅಕ್ಕ ಬೇರೆ ಯಾವನೋ ಮೇಸ್ತ್ರಿಯನ್ನು ಕರೆಸಿ, ಅಡ್ಡಗೋಡೆಗೆ ಒರಗಿದಂತೆ ಹೊಸ ಬಚ್ಚಲು ಕಟ್ಟಿಸಿಕೊಂಡರು. ಮೇಸ್ತ್ರಿ ಹುಟ್ಟಿದ ಮನೆಯಲ್ಲಿ ಇನ್ನೊಬ್ಬನ ಕರಣೆ! ಡಾಕ್ಟರು ಅಷ್ಟೂ ದಿನ ಈಚೆ ಕೂತು ಆ ಸದ್ದನ್ನು ಕೇಳಿಸಿಕೊಂಡಿದ್ದರು. "ಅವನ ಕರಣೆ ಸದ್ದಲ್ಲೇ ಗೊತ್ತಾಯ್ತು, ಮೂಲೆ ಕೂಡಿಸೋಕೆ ಬರಲ್ಲ ಅವನಿಗೆ" ಎಂದು ನನ್ನ ಹತ್ತಿರ ಹಲ್ಲು ಕಡಿದಿದ್ದರು.

ಹತ್ತು ಹನ್ನೆರಡು ವರ್ಷ ಹೀಗೇ ಹೋಯಿತು. ಹೋದ ವರ್ಷ ಡಾಕ್ಟರ ಮಂಚದ ಪಕ್ಕ, ಅದೇ ಅಡ್ಡಗೋಡೆಯ ಮೇಲೆ, ಉಪ್ಪಿನಂಥ ಬಿಳಿ ಪುಡಿ ಕಾಣಿಸಿತು. ಆಮೇಲೆ ಕಲೆ. ಆಮೇಲೆ ಮುಟ್ಟಿದರೆ ಕೈಗೆ ತೇವ.

"ಒಂದು ಡಬ್ಬಿ ವಾಟರ್‌ಪ್ರೂಫ್ ಪೇಂಟ್ ಕೊಡು" ಎಂದು ಬಂದು ನಿಂತರು.

"ಯಾರ ಮನೆಗೆ ಮೇಸ್ತ್ರಿ?"

"ನನ್ನ ಮನೆಗೇ."

ನನಗೆ ನಗು ತಡೆಯಲಾಗಲಿಲ್ಲ. "ಡಾಕ್ಟರ ಮನೇಲೇ ಶೀತವಾ? ಕಂಡ ಕಡೆ ಮೆತ್ತಬೇಡಿ ಅಂತ ಯಾರೋ ದೊಡ್ಡವರು ಹೇಳ್ತಿದ್ರಪ್ಪ."

"ಕೊಡ್ತೀಯೋ, ಬೇರೆ ಅಂಗಡಿ ನೋಡ್ಲೋ?"

"ನೀರು ಎಲ್ಲಿ ಹುಟ್ತಿದೆ ಅಂತ ನಿಮಗೆ ಗೊತ್ತಿಲ್ವಾ? ಅಕ್ಕನ ಬಚ್ಚಲು. ಎರಡು ತಿರುವು ನಡೆದ್ರೆ ಅವರ ಬಾಗಿಲು. 'ಅಕ್ಕ, ನಿನ್ನ ಬಚ್ಚಲು ಸೋರ್ತಿದೆ' ಅನ್ನೋಕೆ ನಿಮಗೇನು ಬಂದಿದೆ?"

"ಅವಳೇ ಬಂದು ಕರೀಲಿ. ನನ್ನ ಕೈಕೆಲಸ ಬೇಡ ಅಂದವಳು ಅವಳು."

ಪೇಂಟ್ ಒಂದು ತಿಂಗಳು ನಿಂತಿತು, ಆಮೇಲೆ ಹಾವಿನ ಪೊರೆಯಂತೆ ಸುಲಿದು ಬಂತು. ಗಾರೆ ಕೆತ್ತಿ, ನೀರು ತಡೆಯುವ ಪುಡಿ ಬೆರೆಸಿದ ಹೊಸ ಗಾರೆ ಹಚ್ಚಿದರು. ಒದ್ದೆ ಅದರ ಮೇಲಕ್ಕೆ ಹತ್ತಿ, ಕಿಟಕಿಯ ಮಟ್ಟದಲ್ಲಿ ಹೊಸ ಕಲೆ ಬಿಡಿಸಿತು. ತಿಳಿದವರೇ ಹೀಗೆ ಮಾಡಿದರೆ ಯಾರಿಗೆ ಹೇಳುವುದು? ನಾನು ಬೈದೆ, ಗೇಲಿ ಮಾಡಿದೆ, ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಅವರಿಗೆ ನಿಜವಾಗಿ ಬೇಕಾಗಿದ್ದುದು ಒಣ ಗೋಡೆಯಲ್ಲ. ಅಕ್ಕ ಒಂದು ಸಲ ಬಂದು, "ಪುಟ್ಟ, ನನ್ನ ಬಚ್ಚಲು ನೋಡು ಬಾ" ಎನ್ನಬೇಕಾಗಿತ್ತು. ಅದಕ್ಕಾಗಿ ಆ ಮನುಷ್ಯ ಒದ್ದೆ ಗೋಡೆಯ ಪಕ್ಕದಲ್ಲಿ ಕೆಮ್ಮುತ್ತಾ ಮಲಗಲು ತಯಾರಿದ್ದರು. ಮಂಚವನ್ನು ಈಚೆ ಎಳೆದುಕೊಳ್ಳಿ ಎಂದರೆ ಅದನ್ನೂ ಮಾಡಲಿಲ್ಲ.

ಯಾಕೆ ಮಾಡಲಿಲ್ಲ ಎನ್ನುವುದು ಅವರ ಬಾಯಿಂದ ತಾನಾಗಿಯೇ ಜಾರಿತು. ಕಟ್ಟೆಯ ಮೇಲೆ ಕೂತು, ನಾನು ಕೇಳದಿದ್ದರೂ ವರದಿ ಒಪ್ಪಿಸುತ್ತಿದ್ದರು. "ಇವತ್ತು ತಲೆಗೆ ನೀರು ಹಾಕ್ಕೊಂಡಿದಾಳೆ. ಕಲೆ ಒಂದು ಗೇಣು ಮೇಲೆ ಬಂದಿದೆ." "ನಿನ್ನೆ ಬಟ್ಟೆ ಒಗೆದಿರಬೇಕು, ಸೋಪಿನ ವಾಸನೆ ಈ ಕಡೆಗೂ ಬಂತು." "ಈಗೀಗ ಸ್ನಾನಕ್ಕೆ ತುಂಬಾ ಹೊತ್ತು ತಗೊಳ್ತಾಳೆ. ಕೈ ಸೋಲುತ್ತೋ ಏನೋ." ಅಕ್ಕನ ಸುದ್ದಿ ಅವರಿಗೆ ಬರುತ್ತಿದ್ದುದು ಆ ಒದ್ದೆಯಿಂದ ಮಾತ್ರ. ಅದನ್ನೇ ಅವರು ಕೈಯಾರೆ ಮುಚ್ಚಲು ಹೊರಟಿದ್ದರು. ಇದೆಂಥ ಹುಚ್ಚು ಎಂದು ನನಗೆ ಕೋಪ ಬರುತ್ತಿತ್ತು, ಆದರೂ ಮರುದಿನದ ವರದಿಗೆ ನಾನೂ ಕಾಯುತ್ತಿದ್ದೆ.

ಕೊನೆಗೆ ಹಟಕ್ಕೆ ಬಿದ್ದರು. ಇಟ್ಟಿಗೆ ಕಾಣುವವರೆಗೆ ಕೆತ್ತಿ, ಉಪ್ಪನ್ನು ತಂತಿಬ್ರಷ್ಷಿನಿಂದ ಉಜ್ಜಿ, ನನ್ನ ಅಂಗಡಿಯಲ್ಲಿದ್ದ ಅತಿ ಗಟ್ಟಿಯಾದ ಸಿಮೆಂಟ್ ಲೇಪವನ್ನು ಮೊದಲು ಅಡ್ಡಕ್ಕೆ, ಅದು ಬಿಗಿದ ಮೇಲೆ ಉದ್ದಕ್ಕೆ, ಎರಡು ಸಲ ಎದೆಮಟ್ಟದವರೆಗೆ ಬಳಿದು, ಆ ಲೇಪದ ಮೇಲಷ್ಟೇ ದಪ್ಪಗೆ ಗಾರೆ ಹಚ್ಚಿದರು. ಕೆಲವು ವಾರ ಅಂಗಡಿಯ ಕಡೆ ಸುಳಿಯಲಿಲ್ಲ. ಒಂದು ಬೆಳಿಗ್ಗೆ ನಗುತ್ತಾ ಬಂದರು. ಅವರ ಹಲ್ಲು ನೋಡಿ ಎಷ್ಟೋ ಕಾಲವಾಗಿತ್ತು.

"ಒಣಗಿತು" ಎಂದರು. "ಕೆನ್ನೆ ಇಟ್ಟು ನೋಡ್ದೆ. ಗಾಜು ಅಂಟಿಸಿ ನೋಡ್ದೆ. ಒಂದು ಹನಿ ಬೆವರಿಲ್ಲ. ಬಣ್ಣದ ಪುಸ್ತಕ ತೋರಿಸು, ಹಸಿರಲ್ಲಿ ಯಾವುದಾದ್ರೂ ತೆಳುವಾಗಿರೋದು."

"ಗೆದ್ರಿ ಬಿಡಿ ಮೇಸ್ತ್ರಿ. ಕಂಡ ಕಡೆ ಮೆತ್ತಿದ್ರೂ ವಾಸಿ ಆಗುತ್ತೆ ಅಂತಾಯ್ತು."

"ಗಾರೆ ಎಷ್ಟು ಗಟ್ಟಿ ಅಂದ್ರೆ, ಈಗ ಆ ಕಡೆ ನೀರಿನ ಸದ್ದೂ ಕೇಳಿಸಲ್ಲ."

ಅವರು ಪುಸ್ತಕದ ಬಣ್ಣದ ಚೀಟಿಗಳ ಮೇಲೆ ಬೆರಳಾಡಿಸುತ್ತಿದ್ದರು. ಎಷ್ಟು ಬಣ್ಣ ಬೇಕಾಗುತ್ತದೆ ಎಂದು ಅಳೆಯಲು ನಾನು ಕೇಳಿದೆ. "ಎದೆಮಟ್ಟದವರೆಗೆ ಬಳಿದ್ರೆ ಸಾಕಾ, ಪೂರ್ತಿ ಗೋಡೆಗಾ? ಮೇಲಿನ ಕಲೆ ಇನ್ನೂ ಹಸಿ ಇದ್ರೆ ಈಗ ಬೇಡ."

"ಮೇಲೂ ಒಣಗಿದೆ."

"ಮೇಲೆ ನೀವು ಲೇಪ ಹಚ್ಚಿಲ್ಲವಲ್ಲ."

ಬೆರಳು ನಿಂತಿತು. ಅವರ ಮುಖದಿಂದ ನಗು ಇಳಿದು ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಮುಚ್ಚಿದ ನೀರು ದಾರಿ ಬದಲಾಯಿಸಬೇಕು, ಮೇಲಕ್ಕಾದರೂ ಪಕ್ಕಕ್ಕಾದರೂ ಹರಡಬೇಕು. ಏನೂ ಹಚ್ಚದ ಕಡೆಯೂ ಗೋಡೆ ಒಣಗಿದೆ ಎಂದರೆ ಅದು ಲೇಪದ ಗುಣವಲ್ಲ.

"ಆ ಕಡೆ ನೀರೇ ಇಲ್ಲ" ಎಂದರು ಮೆಲ್ಲಗೆ. "ಅಕ್ಕ ನೀರು ಮುಟ್ಟಿಲ್ಲ."

ಬಣ್ಣದ ಪುಸ್ತಕ ಕೆಳಗೆ ಬಿತ್ತು. ಎದ್ದು ಓಡಿದರು, ಓಣಿಯ ಕಡೆಗಲ್ಲ, ದೊಡ್ಡ ಬೀದಿಗೆ. ನಾನು ಅಂಗಡಿಯ ಷಟರನ್ನು ಅರ್ಧ ಎಳೆದು ಹಿಂದೆಯೇ ಹೋದೆ. ಅಕ್ಕನ ಬಾಗಿಲಿಗೆ ಬೀಗ ಬಿದ್ದಿತ್ತು. ಡಾಕ್ಟರು ಬೀಗವನ್ನು ಹಿಡಿದು ಅಲ್ಲಾಡಿಸುತ್ತಿದ್ದರು, ಅದು ತಾನಾಗಿ ತೆರೆದುಕೊಳ್ಳುತ್ತದೆ ಎನ್ನುವಂತೆ. ಪಕ್ಕದ ಮನೆಯ ದರ್ಜಿ ಹೆಂಗಸು ಹೊಲಿಗೆ ಬಿಟ್ಟು ಹೊರಗೆ ಬಂದಳು.

"ಅವರನ್ನ ಆಸ್ಪತ್ರೆಗೆ ಸೇರಿಸಿ ಎಷ್ಟೋ ದಿನ ಆಯ್ತಲ್ಲ. ಉಸಿರಾಟದ ತೊಂದರೆ. ನಾನೇ ಕರ್ಕೊಂಡು ಹೋಗಿದ್ದು."

"ನನಗೆ ಯಾಕೆ ಹೇಳಲಿಲ್ಲ?" ಡಾಕ್ಟರು ಇನ್ನೂ ಬೀಗ ಬಿಟ್ಟಿರಲಿಲ್ಲ.

"ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ. ಮಧ್ಯೆ ಇರೋದು ಒಂದು ಗೋಡೆ ತಾನೇ?"

ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ. ಒಬ್ಬರನ್ನೇ ಬಿಡುವ ಸ್ಥಿತಿಯಲ್ಲಿ ಅವರಿರಲಿಲ್ಲ. ಉದ್ದನೆಯ ವಾರ್ಡಿನ ಕೊನೆಯ ಮಂಚದಲ್ಲಿ ಅಕ್ಕ ಮಲಗಿದ್ದರು. ಮೂಗಿಗೆ ಕೊಳವೆ ಸಿಕ್ಕಿಸಿತ್ತು. ಹೊದಿಕೆಯ ಕೆಳಗೆ ಮನುಷ್ಯರಿದ್ದಾರೆ ಎನಿಸದಷ್ಟು ಸಣ್ಣಗಾಗಿದ್ದರು. ತಮ್ಮ ಹೋಗಿ ಮಂಚದ ಕಾಲ ಬಳಿ ನಿಂತರು. ಅಷ್ಟು ವರ್ಷದ ಮೇಲೆ ಏನು ಹೇಳಬೇಕೋ ತಿಳಿಯದೆ, ಹೇಳಬೇಕಾಗಿದ್ದುದನ್ನೇ ಹೇಳಿದರು.

"ಅಕ್ಕ, ನಿನ್ನ ಬಚ್ಚಲು ಸೋರ್ತಿದೆ."

ಅಕ್ಕ ಕಣ್ಣು ಬಿಟ್ಟು ನೋಡಿದರು. ಮೊದಲು ಮುಖ, ಆಮೇಲೆ ಸಿಮೆಂಟಿಗೆ ಒರಟಾದ ಕೈ.

"ಗೊತ್ತು ಕಣೋ" ಎಂದರು. "ನಲ್ಲಿ ರಿಪೇರಿಗೆ ಬಂದಿದ್ದ ಪ್ಲಂಬರು ಹೋದ ವರ್ಷವೇ ಹೇಳಿದ್ದ. ಮೂಲೆ ಬಿಟ್ಟಿದೆ ಅಮ್ಮಾ, ನೀರು ಆ ಕಡೆ ಮನೆಗೆ ಇಳೀತಿದೆ, ಸರಿ ಮಾಡ್ಲಾ ಅಂದ. ನಾನೇ ಬೇಡ ಅಂದೆ."

"ಬೇಡ ಅಂದ್ಯಾ? ಯಾಕೆ?"

"ಸರಿ ಮಾಡಿಸಿದ್ರೆ ನೀನ್ಯಾಕೆ ಬರ್ತಿದ್ದೆ?" ಉಸಿರು ಎಳೆದುಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. "ಒದ್ದೆ ಕಂಡ್ರೆ ನಿನ್ನ ಕೈ ಸುಮ್ಮನಿರಲ್ಲ ಅಂತ ಗೊತ್ತಿತ್ತು. ಇವತ್ತು ಬರ್ತಾನೆ, ನಾಳೆ ಬರ್ತಾನೆ ಅಂತ ದಿನಾ ಎರಡು ಚೊಂಬು ಜಾಸ್ತಿನೇ ಸುರಿದೆ ಆ ಮೂಲೆಗೆ."

ಮೇಸ್ತ್ರಿ ಬಂದು ಅಕ್ಕನ ತಲೆದಿಂಬಿನ ಬಳಿ ನೆಲದ ಮೇಲೆ ಕೂತರು. ಅಕ್ಕ ಕೈ ಇಳಿಸಿ ಅವರ ತಲೆ ಮುಟ್ಟಿದರು. ಟೈಲ್ಸಿನ ಮಾತಾಗಲಿ, ತಾಯಿಯ ಮಾತಾಗಲಿ ಇಬ್ಬರೂ ಎತ್ತಲಿಲ್ಲ. ನಾನು ವಾರ್ಡಿನ ಹೊರಗೆ ಹೋಗಿ ನಿಂತು ಅತ್ತೆ. ಆಮೇಲೆ ಒಳಗೆ ಬಂದಾಗ ಅಕ್ಕ, "ಬೀಗದ ಕೈ ದರ್ಜಿ ಹತ್ರ ಇದೆ. ನಾನು ಬರೋ ಅಷ್ಟರಲ್ಲಿ ಮುಗಿಸು" ಎನ್ನುತ್ತಿದ್ದರು.

ಅಂಥ ಕೆಲಸವನ್ನು ನಾನು ನನ್ನ ಆಯಸ್ಸಿನಲ್ಲಿ ನೋಡಿಲ್ಲ. ಬೆಳಿಗ್ಗೆ ಆಸ್ಪತ್ರೆ, ಅಲ್ಲಿಂದ ನೇರ ಬಚ್ಚಲು. ನೆಲವನ್ನು ಪೂರ್ತಿ ಅಗೆದರು. ನೆಲವೂ ಗೋಡೆಯೂ ಕೂಡುವ ಆ ಹಾಳು ಮೂಲೆಯನ್ನು ತೊಳೆದು, ಒಣಗಿಸಿ, ನೀರು ನಿಲ್ಲದ ಹಾಗೆ ಗಾರೆಯನ್ನು ಗುಂಡಗೆ ತಿದ್ದಿದರು. ಲೇಪವನ್ನು ಈ ಸಲ ಹುಟ್ಟಿದ ಕಡೆಯೇ ಬಳಿದರು. ಟೈಲ್ಸ್ ಆರಿಸಲು ನನ್ನ ಗೋದಾಮಿಗೆ ಬಂದು, ಚಪ್ಪಲಿ ಬಿಟ್ಟು, ಒಂದೊಂದು ಟೈಲ್ಸಿನ ಮೇಲೂ ನೀರು ಚೆಲ್ಲಿ, ಬರಿಗಾಲಿನಲ್ಲಿ ನಿಂತು ನೋಡಿದರು. ಬೂದು ಬಣ್ಣದ, ಬೆರಳಿಗೆ ಮರಳಿನಂತೆ ತಾಗುವ ಒರಟು ಟೈಲ್ಸ್ ಒಪ್ಪಿದರು. ಹಿಡಿದುಕೊಂಡು ಏಳಲು ಗೋಡೆಗೊಂದು ಸ್ಟೀಲ್ ಹಿಡಿ ಬೇಕೆಂದರು. ಅದನ್ನು ಎಷ್ಟು ಎತ್ತರಕ್ಕೆ ಕೂರಿಸಬೇಕು ಎನ್ನುವಲ್ಲಿ ತಡವರಿಸಿದರು.

"ಅಕ್ಕ ಈಗ ನಿಂತ್ರೆ ನನ್ನ ಭುಜಕ್ಕೆ ಬರ್ತಾಳಾ? ನೀನು ಬೀದೀಲಿ ನೋಡಿರ್ತೀಯಲ್ಲ" ಎಂದು ನನ್ನನ್ನು ಕೇಳಿದರು.

"ಭುಜಕ್ಕಿಂತ ಕೆಳಗೆ ಮೇಸ್ತ್ರಿ. ಬಾಗಿದಾರೆ."

ಅವರು ಪೆನ್ಸಿಲಿನ ಗುರುತನ್ನು ಒರೆಸಿ ಕೆಳಗೆ ಹಾಕಿದರು.

ಅಕ್ಕ ಬರಲಿಲ್ಲ. ಟೈಲ್ಸಿನ ಸಂದುಗಳಿಗೆ ವೈಟ್ ಸಿಮೆಂಟ್ ತುಂಬಿ, ಅದು ಗಟ್ಟಿಯಾಗಲೆಂದು ಕಾಯುತ್ತಿದ್ದಾಗ ಆಸ್ಪತ್ರೆಯಿಂದ ಕರೆ ಬಂತು. ಮೇಸ್ತ್ರಿ ಅಲ್ಲಿಗೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಅದನ್ನು ನಾನು ಆ ಮುಖದಲ್ಲಿ ನೋಡಿದೆ. ಮಣ್ಣು ಮಾಡಿ ಬಂದ ಮೇಲೆ ಓಣಿಯ ಬಾಗಿಲು ಹಾಕಿಕೊಂಡರು. ಅಂಗಡಿಗೆ ಬರಲಿಲ್ಲ, ಕೆಲಸಕ್ಕೂ ಹೋಗಲಿಲ್ಲ. ನಾನು ಒಂದೆರಡು ಸಲ ಬಾಗಿಲು ತಟ್ಟಿ ವಾಪಸ್ಸು ಬಂದೆ.

ಆಮೇಲೆ ಒಂದು ಮಧ್ಯಾಹ್ನ, ಗಿರಾಕಿಗಳು ತುಂಬಿದ್ದಾಗ, ಬಂದು ಒಳಗಿನ ಸಿಮೆಂಟ್ ಚೀಲದ ಮೇಲೆ ಕೂತರು. ಪ್ಯಾಂಟಿನ ಅಂಚು ಒದ್ದೆಯಾಗಿತ್ತು. ನಾನು ಗಿರಾಕಿಗಳನ್ನು ಬಿಟ್ಟು ಹತ್ತಿರ ಹೋದೆ.

"ಪರೀಕ್ಷೆ ಬಾಕಿ ಇತ್ತು" ಎಂದರು. "ಯಾರ ಮನೇಲಿ ಮಾಡಿದ್ರೂ ಮಾಡ್ತೀನಲ್ಲ. ಬಚ್ಚಲ ತೂಬಿಗೆ ಬಟ್ಟೆ ತುರುಕಿ, ಪಾದ ಮುಳುಗೋಷ್ಟು ನೀರು ನಿಲ್ಲಿಸ್ದೆ. ಆಮೇಲೆ ಈ ಕಡೆ ಬಂದು ಮಂಚದ ಮೇಲೆ ಕೂತೆ. ನನ್ನ ಕಡೆಯ ಗಾರೆ, ಲೇಪ ಎಲ್ಲಾ ಮೊದಲೇ ಕೆತ್ತಿ ಹಾಕಿದ್ದೆ, ಬರಿ ಇಟ್ಟಿಗೆ. ಗಾಜು ಅಂಟಿಸ್ದೆ. ರಾತ್ರಿಯೆಲ್ಲಾ ಕೆನ್ನೆ ಇಟ್ಟು ನೋಡ್ತಾನೇ ಇದ್ದೆ, ಈಗಷ್ಟೇ ತೂಬು ಬಿಚ್ಚಿ ಬಂದೆ."

"ಬಂತಾ?"

"ಒಂದು ಹನಿನೂ ಬರಲಿಲ್ಲ."

"ನಿಮ್ಮ ಕೈಕೆಲಸ ಮೇಸ್ತ್ರಿ, ಹೇಗೆ ಬರುತ್ತೆ?" ಸಮಾಧಾನಕ್ಕೆಂದು ನಾನು ಹಾಗೆ ಹೇಳಿದೆ. ಅವರು ತಲೆ ಎತ್ತಿದರು. ಅರವತ್ತು ದಾಟಿದ ಆ ಮನುಷ್ಯ ನಾಲ್ಕು ಜನರ ಎದುರಿಗೆ ಮಗುವಿನಂತೆ ಅಳುತ್ತಿದ್ದರು.

"ಸ್ವಲ್ಪನಾದ್ರೂ ಬರಬಹುದಿತ್ತು" ಎಂದರು.